ಹೊನ್ನಾವರ ಬಸ್ಸು ಯಾಕೆ ಹೊರಡಲಿಲ್ಲ: ಒಂದು ಕನ್ನಡ ಗೇಮಿನ ಪ್ರಕರಣ

ಅಂಕೋಲಾ ಕಡೆಯ ಒಂದು ಸರ್ಕಾರಿ ಶಾಲೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಟ್ಯಾಬ್ ಹಿಡಿದು ಕೂತಿದ್ದ. ಪರದೆಯಲ್ಲಿ ಒಂದು ಕೆಂಪು ಬಸ್ಸು, ಅದರ ಹಣೆಯ ಬೋರ್ಡು ಖಾಲಿ. ಕಂಡಕ್ಟರ್ "ಹೊನ್ನಾವರ, ಹೊನ್ನಾವರ!" ಅಂತ ಕೂಗುತ್ತಿದ್ದಾನೆ. ಮೇಲಿಂದ ಅಕ್ಷರದ ಬಿಲ್ಲೆಗಳು ಉದುರುತ್ತಿವೆ. ಸರಿಯಾದ ಬಿಲ್ಲೆಯನ್ನು ಮುಟ್ಟಿದರೆ ಅದು ಹೋಗಿ ಬೋರ್ಡಿನಲ್ಲಿ ಕೂರುತ್ತದೆ. 40 ಸೆಕೆಂಡಿನೊಳಗೆ ಬೋರ್ಡು ತುಂಬಿದರೆ "ರೈಟ್ ರೈಟ್", ಬಸ್ಸು ಹೊರಡುತ್ತದೆ.

ಹುಡುಗ 'ಹೊ' ಹಿಡಿದ. ಆಮೇಲೆ ಸುಮ್ನೆ ಕೂತ. 'ನ್' ಬಂತು, ಬಿಟ್ಟ. 'ನಾ' ಬಂತು, ಅದನ್ನೂ ಬಿಟ್ಟ. ಸಮಯ ಮುಗಿಯಿತು. ಎರಡನೇ ಸಲವೂ ಅದೇ ಕತೆ. ನಾನು ಹಿಂದೆ ನಿಂತು ನೋಡುತ್ತಿದ್ದೆ. ಟ್ಯಾಬ್ ಸಿಕ್ಕಿಹಾಕಿಕೊಂಡಿದೆಯೇನೋ ಅಂದುಕೊಂಡೆ. ಅವನು ತಿರುಗಿ ನನ್ನ ಅಕ್ಕನಿಗೆ ಹೇಳಿದ:

"ಅಕ್ಕೋರೆ, ಹೊ-ನ್ನಾ-ವ-ರ ನಾಲ್ಕೇ. ಇಲ್ಲಿ ಐದು ಮನೆ ಉಂಟಲ್ಲ?"

ಬೆರಳು ಮಡಚಿ ಎಣಿಸಿಯೂ ತೋರಿಸಿದ. ನಮ್ಮ ಆರು ತಿಂಗಳ ಕೆಲಸದ ತಪ್ಪು ಆ ನಾಲ್ಕು ಬೆರಳಿನಲ್ಲಿ ಇತ್ತು.

ನಾನು ಶಿರಸಿಯಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಪ್ರೋಗ್ರಾಮಿಂಗ್ ಮಾಡುವವನು. ಗೇಮ್ ನನ್ನ ಸಂಜೆಯ ಹುಚ್ಚು. ಅಕ್ಕ ಟೀಚರು. ಘಟ್ಟದ ಕೆಳಗೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಅವಳು ಇಡೀ ಊರಿಗೇ ಅಕ್ಕ. ಮಕ್ಕಳು ಬೋರ್ಡು ಓದುವುದನ್ನು ಬಸ್‌ಸ್ಟ್ಯಾಂಡಿನಲ್ಲೇ ಕಲಿಯುತ್ತಾರೆ, ಅದನ್ನೇ ಒಂದು ಆಟ ಮಾಡು ಅಂದವಳು ಅವಳೇ. ಮೊದಲ ಹಂತಕ್ಕೆ ಉತ್ತರ ಕನ್ನಡದ 12 ತಾಲೂಕುಗಳ ಹೆಸರು. ಎರಡನೇ ಹಂತಕ್ಕೆ ಗೋಕರ್ಣ, ಯಾಣ, ಇಡಗುಂಜಿ, ಬನವಾಸಿಯಂಥ ಊರುಗಳು. ಯೋಜನೆ ಇಷ್ಟೇ ಇತ್ತು. ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು ಕೂತರೂ ಎರಡು ತಿಂಗಳಲ್ಲಿ ಮುಗಿದೀತು ಅಂತ ನನ್ನ ಲೆಕ್ಕ.

ಮೊದಲ ಎಡವಟ್ಟು ನನ್ನದೇ. ಕೈಗೆ ರೂಢಿಯಾಗಿತ್ತು ಅಂತ ಗೇಮ್ ಕಟ್ಟುವ ಗೊಡೊ ಎಂಜಿನ್‌ನ ಹಳೆಯ 3ನೇ ಸರಣಿಯಲ್ಲೇ ಶುರು ಮಾಡಿದೆ. ಅದರಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲ. ಕನ್ನಡ ಅಕ್ಷರಗಳು ಕಾಣುತ್ತವೆ, ಆದರೆ ಕೂಡುವುದಿಲ್ಲ. 'ಲ್ಲಾ' ಅಂತ ಕೊಟ್ಟರೆ ಲ, ಅರ್ಧಾಕ್ಷರದ ಕೊಕ್ಕೆ, ಮತ್ತೊಂದು ಲ, ದೀರ್ಘ ಎಲ್ಲವೂ ಸಾಲಾಗಿ ಕ್ಯೂ ನಿಲ್ಲುತ್ತವೆ. ಫೋಟೋ ಕಳಿಸಿದೆ. ಅಕ್ಕನ ಉತ್ತರ: "ತಮಾ, ಇದೆಂತದೋ?"

ಫಾಂಟ್ ಬದಲಿಸಿದರೆ ಸರಿಹೋಗುತ್ತದೆ ಅಂತ ಒಂದು ವಾರ ಫಾಂಟುಗಳ ಹಿಂದೆ ಅಲೆದೆ. ಫಾಂಟಿನ ತಪ್ಪಾಗಿರಲಿಲ್ಲ. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ಹಾಕಬೇಕು ಅನ್ನುವ ನಿಯಮಗಳು ಫಾಂಟಿನೊಳಗೇ ಇರುತ್ತವೆ. ಅವನ್ನು ಓದಿ ಪಾಲಿಸುವವರು ಬೇರೆ ಬೇಕು. ಹಾರ್ಫ್‌ಬಝ್ ಅನ್ನುವ ಮುಕ್ತ ತಂತ್ರಾಂಶ ಆ ಕೆಲಸ ಮಾಡುತ್ತದೆ. ನಿಮ್ಮ ಫೋನಿನಲ್ಲಿ, ಬ್ರೌಸರಿನಲ್ಲಿ ಕನ್ನಡ ನೆಟ್ಟಗೆ ಕಾಣುವುದರ ಹಿಂದೆ ಹೆಚ್ಚಾಗಿ ಅದೇ ಇರುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4 ಅದನ್ನು ಒಳಗೆ ಸೇರಿಸಿಕೊಂಡಿದೆ. ಅಲ್ಲಿಗೆ ಎಲ್ಲವನ್ನೂ ಸಾಗಿಸಿದೆ. ಹಳೆಯ ಕೋಡಿನ ಅರ್ಧ ಆಜ್ಞೆಗಳ ಹೆಸರೇ ಬದಲಾಗಿದ್ದವು. ಆ ಸಂಕಟ ಬೇಡ, ಬಿಡಿ. ಪರದೆಯ ಮೇಲೆ 'ಯಲ್ಲಾಪುರ' ಸರಿಯಾಗಿ ಮೂಡಿದ ದಿನ ಇನ್ನೇನು ಮುಗಿಯಿತು ಅಂದುಕೊಂಡೆ.

ನಿಜವಾದ ಪ್ರಕರಣ ಶುರುವಾಗಿದ್ದು ಅಲ್ಲಿಂದ. ಪದವನ್ನು ಸರಿಯಾಗಿ ತೋರಿಸುವುದು ಒಂದು ಕೆಲಸ. ಅದನ್ನು ಬಿಲ್ಲೆಗಳಾಗಿ ಒಡೆಯುವುದು ಬೇರೆಯೇ ಕೆಲಸ.

ಇಂಗ್ಲಿಷಿನಲ್ಲಾದರೆ ಪದದ ಉದ್ದ ಎಷ್ಟೋ ಬಿಲ್ಲೆ ಅಷ್ಟು. ನಾನೂ ಹಾಗೇ ಬರೆದೆ. 'ಕಾರವಾರ' ಕೊಟ್ಟೆ, ಉದ್ದ 6 ಅಂತ ಬಂತು. ಕಂಪ್ಯೂಟರಿನ ಲೆಕ್ಕದಲ್ಲಿ ಕ ಒಂದು, ಅದರ ದೀರ್ಘ ಇನ್ನೊಂದು. ಆಕಾಶದಿಂದ ಬರೀ ದೀರ್ಘದ ಚಿಹ್ನೆಯೊಂದು ಚುಕ್ಕೆ ಚುಕ್ಕೆಯ ವೃತ್ತ ಹೊತ್ತು ಉದುರಿತು. ಇದು ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ಬೇಗ ಸರಿಮಾಡಿದೆ. ಪಠ್ಯವನ್ನು ಓದುಗರ ಕಣ್ಣಿಗೆ ಕಾಣುವ ತುಂಡುಗಳಾಗಿ ಒಡೆಯಲು, ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್‌ನದೇ ಒಂದು ನಿಯಮ ಇದೆ. ಎಂಜಿನ್‌ನಲ್ಲಿ ಅದನ್ನು ಬಳಸುವ ಸವಲತ್ತೂ ಇದೆ. ಅದನ್ನು ಹಾಕಿದೆ. ಕಾರವಾರ 4, ಶಿರಸಿ 3, ಅಂಕೋಲಾ 3, ಕುಮಟಾ 3. ನಾಲ್ಕು ಊರು ಆಡಿ ನೋಡಿದೆ, ಎಲ್ಲ ಸರಿ. ಉಳಿದದ್ದೂ ಸರಿ ಇರುತ್ತದೆ ಅಂತ ಬಿಟ್ಟೆ.

ನಮ್ಮ ಜಿಲ್ಲೆಯ 12 ತಾಲೂಕುಗಳಲ್ಲಿ ಎಂಟರ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಒತ್ತು ಇರುವುದು ನಾಲ್ಕೇ ನಾಲ್ಕರಲ್ಲಿ: ಹೊನ್ನಾವರ, ಭಟ್ಕಳ, ಸಿದ್ದಾಪುರ, ಯಲ್ಲಾಪುರ. ನಾನು ಪರೀಕ್ಷೆಗೆ ಆರಿಸಿಕೊಂಡ ನಾಲ್ಕೂ ಮೊದಲ ಗುಂಪಿನವು. ನನ್ನ ಊರು, ಅಕ್ಕನ ಊರು, ನಡುವಿನ ಬಸ್ಸು ಬದಲಿಸುವ ಊರು, ಜಿಲ್ಲಾ ಕೇಂದ್ರ. ಕೈಗೆ ಸುಲಭ ಸಿಕ್ಕಿದ್ದನ್ನು ಪರೀಕ್ಷೆ ಮಾಡಿದರೆ ಹೀಗೇ ಆಗುವುದು. ಆಮೇಲೆ ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಮೊದಲ ಪದ 'ಮಹಾರಾಷ್ಟ್ರ', ಎರಡನೆಯದು 'ಸ್ತ್ರೀ'. ಆಟದಲ್ಲಿ ಅವೆರಡೂ ಇಲ್ಲ, ಇರಲಿ.

ಆ ದಿನ ಶಾಲೆಯಲ್ಲಿ ಇನ್ನೊಂದು ಘಟನೆ ನಡೆಯಿತು. ನನಗೆ ಹೊನ್ನಾವರಕ್ಕಿಂತ ಅದೇ ಜಾಸ್ತಿ ಕಾಡಿದ್ದು. ಐದನೇ ಕ್ಲಾಸಿನ ಹುಡುಗಿಗೆ 'ಗೋಕರ್ಣ' ಬಂತು. ನಮ್ಮ ಆಟ ಅದನ್ನು ಗೋ, ಕ, ರ್, ಣ ಅಂತ ನಾಲ್ಕಾಗಿ ಒಡೆದಿತ್ತು. ಅವಳು ಜಾಣೆ, ನಾಲ್ಕು ಮನೆಗೂ ಹೇಗೋ ಹೊಂದಿಕೊಂಡಳು. ಗೋ ಹಿಡಿದಳು, ಕ ಹಿಡಿದಳು. ಮೂರನೆಯದಕ್ಕೆ 'ಣ' ಮುಟ್ಟಿದಳು. ಕಂಡಕ್ಟರ್ "ಹೋಲ್ಡಾನ್!" ಅಂದ. ಮತ್ತೆ 'ಣ' ಮುಟ್ಟಿದಳು. ಮತ್ತೆ ಹೋಲ್ಡಾನ್. ಅವಳಿಗೆ ಸಿಟ್ಟು ಬಂತು. ಸ್ಲೇಟು ತಂದು ಬರೆದು ತೋರಿಸಿದಳು: ಮೊದಲು ಣ, ಆಮೇಲೆ ಅದರ ಬಲಕ್ಕೆ ಅರ್ಕಾವತ್ತು. ಹೌದಲ್ವಾ! ಬಾಯಿಗೆ ರ್ ಮೊದಲು, ಕೈಗೆ ಣ ಮೊದಲು. ಕಂಪ್ಯೂಟರು ಬಾಯಿಯ ಕಡೆ, ಹುಡುಗಿ ಕೈಯ ಕಡೆ.

'ನ್ನಾ' ಕೂಡ ಹಾಗೇ. ಕೈ ಮೊದಲು ನಾ ಬರೆದು ಕೆಳಗೆ ಒತ್ತು ಹಾಕುತ್ತದೆ. ಕಂಪ್ಯೂಟರಿನೊಳಗೆ ಅದು ನ, ಹಲಂತ (ಅರ್ಧಾಕ್ಷರದ ಕೊಕ್ಕೆ), ನ, ದೀರ್ಘ ಅನ್ನುವ ಸಾಲು. ದೀರ್ಘ ಕಟ್ಟಕಡೆಗೆ. ಇದು ಯಾರದೋ ಅಜ್ಞಾನದಿಂದ ಆದದ್ದೇನಲ್ಲ. 1988ರ ಇಸ್ಕಿ ಸಂಕೇತ ಪದ್ಧತಿಯಲ್ಲಿ ಭಾರತದ ಮುಖ್ಯ ಲಿಪಿಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಒಂದೇ ಚೌಕಟ್ಟಿಗೆ ಕೂರಿಸಿದ್ದರು. ಯೂನಿಕೋಡ್ ಅದನ್ನೇ ತಳಹದಿಯಾಗಿ ತೆಗೆದುಕೊಂಡು ಒಂದೊಂದು ಲಿಪಿಗೆ 128 ಜಾಗ ಕೊಟ್ಟಿತು. ಹುಡುಕಲು, ಅಕಾರಾದಿಯಲ್ಲಿ ಜೋಡಿಸಲು ಈ ಕ್ರಮ ಒಳ್ಳೆಯದು. ಒಡೆಯಲು ಹೊರಟಾಗ ಮಾತ್ರ ತೊಂದರೆ.

ಒಡೆಯುವ ನಿಯಮದ ಕತೆ ಇನ್ನೂ ಸ್ವಾರಸ್ಯ. ಯೂನಿಕೋಡ್‌ನ ಹಳೆಯ ನಿಯಮ ಹಲಂತ ಆದಕೂಡಲೇ ಕತ್ತರಿಸಿಬಿಡುತ್ತಿತ್ತು. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಒತ್ತಕ್ಷರ ಒಡೆಯಬಾರದು ಅಂತ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯ. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಣ್ಣತಮ್ಮಂದಿರಂತೆ ಕಾಣುವ ತೆಲುಗು ಒಳಗೆ, ನಾವು ಹೊರಗೆ. ಓದಿದಾಗ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಶಿರಸಿಯಿಂದ ಸ್ವಲ್ಪ ದೂರದ ಬನವಾಸಿಯಲ್ಲಿ ಕದಂಬರ ಕಾಲದ ಕಲ್ಲುಕೆಲಸದವರು ಒತ್ತಕ್ಷರ ಕೆತ್ತುವಾಗ ಈ ತಲೆನೋವು ಪಟ್ಟಿರಲಿಕ್ಕಿಲ್ಲ.

ಕೊನೆಗೆ ಒಡೆಯುವ ನಿಯಮವನ್ನು ನಾನೇ ಬರೆದೆ. ಇಪ್ಪತ್ತು ಸಾಲು ಆಯಿತು. ಪದದ ಎಡದಿಂದ ಶುರು ಮಾಡಿ ಒಂದೊಂದೇ ಸಂಕೇತ ನೋಡುತ್ತ ಹೋಗುವುದು. ಸ್ವರ ಸಿಕ್ಕರೆ ಹೊಸ ಬಿಲ್ಲೆ. ಕಾಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ಹಲಂತ ಸಿಕ್ಕರೆ ಹಿಂದಿನ ಬಿಲ್ಲೆಗೇ ಅಂಟಿಸುವುದು. ವ್ಯಂಜನ ಸಿಕ್ಕರೆ ಮಾತ್ರ ಒಮ್ಮೆ ಹಿಂತಿರುಗಿ ನೋಡಬೇಕು. ಹಿಂದಿನದು ಹಲಂತವಾಗಿದ್ದರೆ ಇದು ಒತ್ತು, ಅಂಟಿಸು. ಇಲ್ಲದಿದ್ದರೆ ಹೊಸ ಬಿಲ್ಲೆ. ಅಷ್ಟೇ. ಹೊನ್ನಾವರ 4, ಭಟ್ಕಳ 3, ಸಿದ್ದಾಪುರ 4, ಯಲ್ಲಾಪುರ 4. ಗೋಕರ್ಣದ 'ರ್ಣ' ಒಂದೇ ಬಿಲ್ಲೆಯಾಗಿ ಬಿತ್ತು, ಕೈ ಮತ್ತು ಬಾಯಿಯ ಜಗಳವೂ ಅಲ್ಲಿಗೆ ಮುಗಿಯಿತು.

ಎರವಲು ಪದಗಳದ್ದು ಒಂದು ತಕರಾರು ಉಳಿದಿತ್ತು. 'ಬಸ್‌ಸ್ಟ್ಯಾಂಡ್' ನೋಡಿ. ಬ, ಸ್, ಸ್ಟ್ಯಾಂ, ಡ್ ಅಂತ ನಾಲ್ಕಾಗಬೇಕು. ಮೊದಲ ಸ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡದಿದ್ದರೆ ಎರಡು ಸ ಒಂದರ ಕೆಳಗೊಂದು ಹೋಗಿ ನೇತಾಡುತ್ತವೆ. ಆ ಕಾಣದ ಸಂಕೇತ ಇದ್ದಾಗ ನನ್ನ ನಿಯಮ ತಾನಾಗಿಯೇ ಸರಿ ಕೆಲಸ ಮಾಡಿತು. ಯಾಕೆಂದರೆ ವ್ಯಂಜನ ಹಿಂತಿರುಗಿ ನೋಡಿದಾಗ ಅಲ್ಲಿ ಹಲಂತ ಇರುವುದಿಲ್ಲ, ಈ ಕಾಣದವನು ನಿಂತಿರುತ್ತಾನೆ. ಅದಕ್ಕಾಗಿ ಬೇರೆ ಸಾಲು ಬರೆಯಬೇಕಾಗಲಿಲ್ಲ. ಇಡೀ ಪ್ರಾಜೆಕ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು ಅದೊಂದೇ.

ಅದಾದ ಮೇಲೆ ಅಂಕೋಲಾ ಕೈಕೊಟ್ಟಿತು. ಮೂರೂ ಬಿಲ್ಲೆ ಸರಿಯಾಗಿ ಕೂತರೂ ಬಸ್ಸು ಹೊರಡಲೊಲ್ಲದು. ಬೋರ್ಡಿನ ಮೇಲೆ 'ಅಂಕೋಲಾ', ಪಟ್ಟಿಯಲ್ಲೂ 'ಅಂಕೋಲಾ', ಆದರೆ ಎರಡೂ ಒಂದೇ ಅಲ್ಲ ಅಂತ ಕಂಪ್ಯೂಟರು ಹಟ ಹಿಡಿಯಿತು. ಒಂದು ಇಡೀ ಭಾನುವಾರ ಇದಕ್ಕೇ ಹೋಯಿತು. ಪಟ್ಟಿ ಅಕ್ಕನ ಹಳೆಯ ಫೈಲಿನಿಂದ ಬಂದದ್ದು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯಾವುದೋ ಪರಿವರ್ತಕಕ್ಕೆ ಹಾಕಿ ತೆಗೆದಿದ್ದೆ. ಅದು 'ಕೋ' ಅನ್ನುವುದರ ಓತ್ವವನ್ನು ಒಂದೇ ಸಂಕೇತವಾಗಿ ಕೊಡದೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಬಾಲ ಅಂತ ಮೂರಾಗಿ ಕೊಟ್ಟಿತ್ತು. ಪರದೆಯಲ್ಲಿ ಎರಡೂ ತದ್ರೂಪ. ಒಳಗೆ ಒಂದು 6 ಸಂಕೇತ, ಇನ್ನೊಂದು 8. ಯೂನಿಕೋಡ್ ಎರಡನ್ನೂ ಸಮ ಅನ್ನುತ್ತದೆ. ಆದರೆ ಆ ಸಮ ನೋಡಬೇಕೆಂದರೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಈಗ ಪಟ್ಟಿ ಆಟದೊಳಗೆ ಹೋಗುವ ಮೊದಲು ಆ ಜರಡಿ ದಾಟಿಯೇ ಹೋಗಬೇಕು. ಕನ್ನಡ ಪದಗಳ ಆಟ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇದನ್ನು ಮೊದಲ ದಿನವೇ ಮಾಡಿ. ನನ್ನ ಭಾನುವಾರ ನಿಮಗಾದರೂ ಉಳಿಯಲಿ.

ಇಷ್ಟು ಪ್ರೋಗ್ರಾಮಿಂಗಿನ ಮಾತು. ಇನ್ನು ಆಟದ ವಿನ್ಯಾಸ. ಅಸಲಿ ಕಗ್ಗಂಟು ಇದ್ದದ್ದು ಇಲ್ಲಿ.

ಇಂಗ್ಲಿಷಿನ ಪದದ ಆಟಗಳಿಗೆ 26 ಅಕ್ಷರ. ಸ್ಕ್ರಾಬಲ್ ಮಾಡಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಯಾವ ಬಿಲ್ಲೆ ಎಷ್ಟಿರಬೇಕು ಅಂತ ತೀರ್ಮಾನಿಸಿದ. ಒಟ್ಟು 100 ಬಿಲ್ಲೆಯಲ್ಲಿ ಇಡೀ ಭಾಷೆ ಮುಗಿಯಿತು. ಕನ್ನಡದಲ್ಲಿ 49 ಅಕ್ಷರ ಅನ್ನುತ್ತೇವೆ, ಆದರೆ ಬಿಲ್ಲೆ ಆಗುವುದು ಕಾಗುಣಿತ. 34 ವ್ಯಂಜನ, 13 ಸ್ವರ, ಗುಣಿಸಿದರೆ 442. ಅದಕ್ಕೆ ಒಂದೊಂದು ಒತ್ತು ಸೇರಿಸಿದರೆ 15,028. ಇದರಲ್ಲಿ ಬಹಳಷ್ಟು ಯಾರ ಬಾಯಲ್ಲೂ ಬರುವುದಿಲ್ಲ, ನಿಜ. ಆದರೂ ಈ ರಾಶಿಯಿಂದ ಕಣ್ಣುಮುಚ್ಚಿ ಬಿಲ್ಲೆ ಎತ್ತಿ ಬೀಳಿಸಿದರೆ 'ನ್ನಾ' ಬರುವಷ್ಟರಲ್ಲಿ ಹುಡುಗ ಹೈಸ್ಕೂಲಿಗೆ ಹೋಗಿರುತ್ತಾನೆ.

ಹಾಗಾಗಿ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ ಟೆಟ್ರಿಸ್‌ನಿಂದ ಒಂದು ಉಪಾಯ ತಂದೆ. ಈಗಿನ ಟೆಟ್ರಿಸ್‌ಗಳಲ್ಲಿ ಏಳು ಆಕಾರಗಳನ್ನು ಒಂದು ಚೀಲಕ್ಕೆ ಹಾಕಿ, ಕಲಸಿ, ಖಾಲಿಯಾಗುವ ತನಕ ಒಂದೊಂದೇ ತೆಗೆಯುತ್ತಾರೆ. ಆಮೇಲೆ ಹೊಸ ಚೀಲ. ಬೇಕಾದ ತುಂಡು ಬರದೇ ಹೋಗುವ ಮಾತೇ ಇಲ್ಲ. ನಮ್ಮದು ಆರು ಬಿಲ್ಲೆಯ ಚೀಲ. ಈಗ ಬೇಕಾದದ್ದು ಒಂದು, ಮುಂದೆ ಬೇಕಾಗುವುದು ಒಂದು, ಅದರ ನೆಂಟರು ಮೂರು, ಪರಿಚಯವೇ ಇಲ್ಲದವನು ಒಬ್ಬ. ಸೆಕೆಂಡಿಗೆ ಒಂದು ಬಿಲ್ಲೆ. ಒಂದು ಚೀಲದಲ್ಲಿ ಮೊದಲೇ ಬಂದು ತಪ್ಪಿಹೋಗಿ, ಮುಂದಿನ ಚೀಲದಲ್ಲಿ ಕೊನೆಗೆ ಬಂದರೂ ನಡುವೆ ಹತ್ತೇ ಬಿಲ್ಲೆ. ಮಗುವಿನ ತಾಳ್ಮೆ ಅಷ್ಟು ಹೊತ್ತು ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಕಣ್ಣು ಕಿಟಕಿಯ ಹೊರಗೆ ಹೋಗುತ್ತದೆ, ನೋಡಿದ್ದೇನೆ.

ನೆಂಟರು ಯಾರು ಅನ್ನುವುದನ್ನು ಅಕ್ಕ ನಿರ್ಧರಿಸಿದಳು. ನಾನು ಸುಮ್ನೆ ಆಕಾರ ಹೋಲುವುದನ್ನು ಹಾಕಿದ್ದೆ. "ಮಕ್ಕಳು ಕಣ್ಣಿನಿಂದ ತಪ್ಪುವುದು ಕಡಿಮೆ, ಕಿವಿಯಿಂದ ತಪ್ಪುವುದು ಜಾಸ್ತಿ" ಅಂದಳು. ಅವಳ ಕ್ಲಾಸಿನ ಹಲವು ಮಕ್ಕಳ ಮನೆಮಾತು ಕೊಂಕಣಿ. ಭಟ್ಕಳದ ಭ ಬದಲು ಬ, ಳ ಬದಲು ಲ ಬರೆಯುವವರು ಇದ್ದಾರೆ. ಹಾಗಾಗಿ ಭ ಬೇಕಾದಾಗ ಬ ಬೀಳುತ್ತದೆ. 'ನ್ನಾ' ಬೇಕಾದಾಗ ಬೀಳುವ ನೆಂಟರು ಮೂವರು: ಒತ್ತು ಬಿಟ್ಟ ನಾ, ದೀರ್ಘ ಬಿಟ್ಟ ನ್ನ, ಮತ್ತು ಣ್ಣಾ. ಅವಳ ಕೆಂಪು ಪೆನ್ನಿನ ಅನುಭವ ಎಲ್ಲ ಒಂದು ಪಟ್ಟಿಯಾಗಿ ಆಟದೊಳಗೆ ಬಂತು. ನನ್ನ ಅಭಿಪ್ರಾಯದಲ್ಲಿ ಆಟದ ಜೀವ ಇರುವುದು ಆ ಪಟ್ಟಿಯಲ್ಲಿ. ಕೋಡು ಯಾರಾದರೂ ಬರೆಯಬಹುದು.

ತಪ್ಪು ಬಿಲ್ಲೆ ಮುಟ್ಟಿದರೆ ಏನಾಗಬೇಕು ಅನ್ನುವುದಕ್ಕೆ ನಾವಿಬ್ಬರೂ ಜಗಳ ಆಡಿದೆವು. ನಾನು ಐದು ಸೆಕೆಂಡು ಕಡಿತ ಇಟ್ಟಿದ್ದೆ. ಅಕ್ಕ ಒಪ್ಪಲಿಲ್ಲ. 'ನ್ನಾ' ಬದಲು 'ನಾ' ಮುಟ್ಟಿದ ಮಗುವಿಗೂ 'ಟ' ಮುಟ್ಟಿದ ಮಗುವಿಗೂ ಒಂದೇ ಶಿಕ್ಷೆಯಾ ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಒಂದು ಬಿಲ್ಲೆಯಲ್ಲಿ ವ್ಯಂಜನ, ಒತ್ತು, ಸ್ವರ ಅಂತ ಮೂರು ಪದರ ಇರುವುದು ಆಗ ಉಪಯೋಗಕ್ಕೆ ಬಂತು. ಈಗ ಆಟ ಮೂರನ್ನೂ ಬೇರೆ ಬೇರೆ ಹೋಲಿಸುತ್ತದೆ. 'ನಾ' ಮುಟ್ಟಿದರೆ ಬಿಲ್ಲೆ ಬೋರ್ಡಿನವರೆಗೂ ಹೋಗುತ್ತದೆ, ಕೆಳಗೆ ಒತ್ತಿನ ಜಾಗ ಖಾಲಿ ಮಿನುಗುತ್ತದೆ, ಕಂಡಕ್ಟರ್ "ಹೋಲ್ಡಾನ್, ಒತ್ತು ಹತ್ತಲಿಲ್ಲ!" ಅನ್ನುತ್ತಾನೆ. ದೀರ್ಘ ಬಿಟ್ಟರೆ "ದೀರ್ಘ ಕೆಳಗೇ ಉಳೀತು!" ಅನ್ನುತ್ತಾನೆ. ಮಕ್ಕಳು ಬೇಕಂತಲೇ ತಪ್ಪು ಮುಟ್ಟಿ ಈ ಮಾತು ಕೇಳಿಸಿಕೊಂಡು ನಗುತ್ತಾರೆ. ಅದನ್ನು ತಡೆಯಲು ನಾನು ಹೋಗಿಲ್ಲ.

ಕಂಡಕ್ಟರನ ಮಾತು ಪರದೆಯಲ್ಲಿ ಒಂದೊಂದೇ ಅಕ್ಷರವಾಗಿ ಮೂಡುತ್ತದೆ. ಅಲ್ಲೂ ಹಳೆಯ ರೋಗವೇ. 'ಸಿದ್ದಾಪುರ' ಮೂಡುವಾಗ ಮೊದಲು ಸ, ಅದು ಸಿ ಆಗಿ, ಆಮೇಲೆ ದ, ಅದು ದ್ ಆಗಿ, ಮತ್ತೆ ದ್ದ ಆಗಿ ಕುಣಿಯುತ್ತಿತ್ತು. ಅದೇ ಇಪ್ಪತ್ತು ಸಾಲಿನ ನಿಯಮ ಇಲ್ಲಿಗೂ ಹಾಕಿದೆ, ಕುಣಿತ ನಿಂತಿತು. ಬಿಲ್ಲೆಯ ಕೆಳಗಿನ ಅಂಚು ಒತ್ತಕ್ಷರದ ಕಾಲು ಕತ್ತರಿಸುತ್ತಿತ್ತು, ಅಲ್ಲಿ 14 ಪಿಕ್ಸೆಲ್ ಜಾಗ ಬಿಟ್ಟೆ.

ಎರಡನೇ ಸಲ ಶಾಲೆಗೆ ಹೋದಾಗ ಆ ನಾಲ್ಕನೇ ಕ್ಲಾಸಿನವನೇ ಮೊದಲು ಟ್ಯಾಬ್ ಕಿತ್ತುಕೊಂಡ. ಹೊನ್ನಾವರ ಬರುವ ತನಕ ಆಡಿದ. ಮನೆಗಳನ್ನು ಎಣಿಸಿದ, ನಾಲ್ಕು. 'ನಾ' ಬಿಟ್ಟ, 'ನ್ನ' ಬಿಟ್ಟ, 'ನ್ನಾ' ಹಿಡಿದ. ಬಸ್ಸು ಹೋಯಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಮುಂದಿನ ಊರಿಗೆ ಹೋದ.

ಈಗ ಉಳಿದಿರುವುದು ಒಂದು ತಕರಾರು. ಅದಕ್ಕೆ ಕೋಡಿನಲ್ಲಿ ಉತ್ತರ ಇಲ್ಲ. ಸಿದ್ದಾಪುರವನ್ನು ಕೆಲವರು ದ ಒತ್ತು ಹಾಕಿ ಬರೆಯುತ್ತಾರೆ, ಕೆಲವರು ಧ ಒತ್ತು ಹಾಕಿ ಸಿದ್ಧಾಪುರ ಅನ್ನುತ್ತಾರೆ. ಎರಡೂ ಬೋರ್ಡುಗಳನ್ನು ನಾನೇ ನೋಡಿದ್ದೇನೆ. ಎರಡನ್ನೂ ಒಪ್ಪಿದರೆ ದ್ದಾ ಮತ್ತು ದ್ಧಾ ಒಂದಕ್ಕೊಂದು ನೆಂಟರಾಗಿ ಬೀಳುವಂತಿಲ್ಲ, ಆ ಊರಿನ ಚೀಲದಲ್ಲಿ ಒಬ್ಬ ನೆಂಟ ಕಡಿಮೆ. ನಾನು ಎರಡೂ ಸರಿ ಅಂತ ಹಾಕಿಟ್ಟಿದ್ದೇನೆ. ಅಕ್ಕ ಒಂದನ್ನೇ ಇಡು ಅನ್ನುತ್ತಾಳೆ. ಯಾವುದು ಅಂತ ಕೇಳಿದರೆ, ಸಿದ್ದಾಪುರದ ಅತ್ತೆಯ ಮನೆಗೆ ಫೋನ್ ಮಾಡಿ ಕೇಳು ಅಂದಳು. ಮಾಡಿದೆ. ಅತ್ತೆ ದ ಅಂದರು, ಹಿಂದಿನಿಂದ ಮಾವ ಧ ಅಂತ ಕೂಗಿದರು.